ಮೈಸೂರಿಗೆಂದು ಐರೋಲಿಗೆ

ವಿಮಲಾಳ ಅಡುಗೆಮನೆಯ ಗೋಡೆಗೆ ಎರಡು ಕ್ಯಾಲೆಂಡರುಗಳಿದ್ದವು. ಒಂದು, ಡೊಂಬಿವಲಿ ಸ್ಟೇಷನ್ ರಸ್ತೆಯ ಕಿರಾಣಿ ಅಂಗಡಿಯವನು ಕೊಟ್ಟ ಮರಾಠಿ ಕ್ಯಾಲೆಂಡರು. ಇನ್ನೊಂದು, ಗಂಡನ ಅಕ್ಕ ಕಾಶವ್ವ ಗೋಕಾಕದಿಂದ ವರ್ಷವರ್ಷ ತಪ್ಪದೆ ಕಳಿಸುವ ಕನ್ನಡ ಕ್ಯಾಲೆಂಡರು. ಹಬ್ಬ ಹುಣ್ಣಿಮೆಗಳ ಮಟ್ಟಿಗೆ ಎರಡೂ ಒಂದೇ ಮಾತು ಹೇಳುತ್ತಿದ್ದವು. ಜಗಳವಿದ್ದದ್ದು ಶಾಲೆಯ ರಜೆಯಲ್ಲಿ. ಗೋಕಾಕದ ಮಕ್ಕಳಿಗೆ ಏಪ್ರಿಲ್ ಹತ್ತಕ್ಕೆ ಸೂಟಿ ಬಿಟ್ಟರೆ, ಡೊಂಬಿವಲಿಯ ಮಕ್ಕಳಿಗೆ ಅದೇ ವಾರ ಪರೀಕ್ಷೆಯ ಜ್ವರ. ಇಲ್ಲಿಯ ಮಕ್ಕಳು ಮೇ ತಿಂಗಳಲ್ಲಿ ಕಾಲು ಚಾಚುವ ಹೊತ್ತಿಗೆ ಅಲ್ಲಿಯವರ ಸೂಟಿ ಅರ್ಧ ಕರಗಿರುತ್ತಿತ್ತು. ಎರಡು ಸರಕಾರಗಳು ಕೂಡಿ ಕೂತು, ತನ್ನ ಸಂಸಾರವೊಂದನ್ನೇ ಗುರಿಯಿಟ್ಟು ಈ ತಾರೀಖುಗಳನ್ನು ಗೊತ್ತು ಮಾಡಿವೆ ಎಂದು ವಿಮಲಾ ನಂಬಿದ್ದಳು.

ವಿಮಲಾ ಹುಬ್ಬಳ್ಳಿಯಲ್ಲಿ ಬಿ.ಎ. ತನಕ ಓದಿದವಳು. ಓದಿನಿಂದ ಆದ ಲಾಭವೆಂದರೆ, ಬೇರೆಯವರು ಒಂದು ಕಾರಣಕ್ಕೆ ಗಾಬರಿಯಾಗುವ ಕಡೆ ಅವಳಿಗೆ ಮೂರು ಕಾರಣ ಹೊಳೆಯುತ್ತಿದ್ದವು. ಕುಡಿಯುವ ನೀರನ್ನು ಎರಡು ಸಲ ಕುದಿಸುವಳು. ಮನೆಗೆ ಬೀಗ ಹಾಕಿ ಇಳಿದವಳು ಮೆಟ್ಟಿಲ ಬುಡದಿಂದ ತಿರುಗಿ ಹತ್ತಿ ಹೋಗಿ, ಬೀಗ ಜಗ್ಗಿ ನೋಡಿ ಬರುವಳು. ಗಂಡ ಸೋಮಣ್ಣ ಡೊಂಬಿವಲಿ ಎಂಐಡಿಸಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಜರ್; ಅವನು ಬರುವುದು ಕಾಲು ಗಂಟೆ ತಡವಾದರೆ ಸಾಕು, ಅವಳು ಮನಸ್ಸಿನಲ್ಲೇ ಆಸ್ಪತ್ರೆಗೆ ಹೋಗಿ ಬಂದಿರುತ್ತಿದ್ದಳು. ನಾಲ್ಕನೆಯ ಇಯತ್ತೆಯ ಮಗಳು ಮುಕ್ತಾ, ಮೂರು ವರ್ಷದ ಮಗ ಬಸು, ಒಂದು ಕೋಣೆ, ಒಂದು ಅಡುಗೆಮನೆ, ಬೆಳಗ್ಗೆ ಒಂದು ತಾಸು ಬರುವ ನಳದ ನೀರು. ಗಾಬರಿಯಾಗಲು ಇಷ್ಟು ಸಾಮಗ್ರಿ ಧಾರಾಳವಾಗಿ ಸಾಕಾಗುತ್ತಿತ್ತು.

ಅವಳಿಗೊಂದು ಆಸೆಯಿತ್ತು. ಕಾರ್ಖಾನೆಗೆ ವಾರದ ರಜೆ ಶುಕ್ರವಾರ, ಶಾಲೆಗೆ ರವಿವಾರ. ಅಂದರೆ ಸೋಮಣ್ಣ ಮನೆಯಲ್ಲಿದ್ದ ದಿನ ಮುಕ್ತಾ ಇಲ್ಲ, ಮುಕ್ತಾ ಇದ್ದ ದಿನ ಸೋಮಣ್ಣ ಇಲ್ಲ. ನಾಲ್ಕೂ ಜನ ಹಗಲಿನಲ್ಲಿ ಒಟ್ಟಿಗೆ ಕೂತು ಉಂಡದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದರೆ ಹಿಂದಿನ ದೀಪಾವಳಿಯ ತನಕ ನಡೆಯಬೇಕಾಗುತ್ತಿತ್ತು. ಕಾರ್ಖಾನೆಯಲ್ಲಿ ಸಾತಾರಾದವರು, ಕೊಂಕಣದವರು, ಉತ್ತರ ಪ್ರದೇಶದವರು ಎಲ್ಲರಿಗೂ ಮೇ ತಿಂಗಳಲ್ಲೇ ಊರಿಗೆ ಹೋಗಬೇಕು. ಆದ್ದರಿಂದ ಮೇ ರಜೆ ಪಾಳಿಯ ಮೇಲೆ. ಸೋಮಣ್ಣನ ಪಾಳಿ ಮೂರು ವರ್ಷಕ್ಕೊಮ್ಮೆ. ಅದು ಬಂದದ್ದು ಈ ವರ್ಷ, ಎಂಬತ್ತೆಂಟರಲ್ಲಿ, ಮೇ ಎರಡರಿಂದ ಹತ್ತು ದಿನ. ಆ ಹತ್ತರಲ್ಲಿ ನಾಲ್ಕು ದಿನ ಮಾಥೇರಾನ್ ಗಿರಿಧಾಮಕ್ಕೆ ಹೋಗಿ, ಯಾರಿಗೂ ಚಹಾ ಮಾಡದೆ, ಯಾರ ಹಾಸಿಗೆಯನ್ನೂ ಹಾಸದೆ, ತಾವು ನಾಲ್ಕೇ ಜನ ಒಂದು ಮರದ ಕೆಳಗೆ ಕೂಡಬೇಕು. ಇಷ್ಟೇ. ಅದಕ್ಕಾಗಿ ಕಟ್ಟಡದ ಹೆಂಗಸರ ಭಿಶಿಗೆ ತಿಂಗಳು ತಿಂಗಳು ಹಣ ಹಾಕಿ, ಚೀಟಿ ಎತ್ತುವಾಗ ಕಾಡಿ ಬೇಡಿ ತನ್ನ ಸರದಿಯನ್ನು ಏಪ್ರಿಲಿಗೆ ಮಾಡಿಸಿಕೊಂಡಿದ್ದಳು.

ಆದರೆ ಏಪ್ರಿಲ್ ಎಂದರೆ ಕಾಶವ್ವ. ಕಾಶವ್ವನ ಗಂಡ ಸಿದ್ದಲಿಂಗಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ಶಾಲೆಗೆ ಕೀಲಿ ಹಾಕಿದ ಮರುದಿನವೇ ಗಂಡ, ಹೆಂಡತಿ, ಮೂವರು ಮಕ್ಕಳು ಮುಂಬಯಿ ನೋಡಲು ರೈಲು ಹತ್ತಿದರೆ, ತಿರುಗಿ ಹೋಗುವುದು ಮೇ ನಡುವಿಗೆ. ಇದು ಆರು ವರ್ಷದಿಂದ ನಡೆದುಬಂದ ಪದ್ಧತಿ. ಅವರು ಕೆಟ್ಟವರಾಗಿದ್ದರೆ ವಿಮಲಾಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಹೊತ್ತುಕೊಂಡು ಬರುವರು ಜೋಳದ ಹಿಟ್ಟು, ಶೇಂಗಾ ಚಟ್ನಿ, ಮಕ್ಕಳಿಗೆ ಕರದಂಟು. ಮಾಸ್ತರರು ಮುಕ್ತಾಳಿಗೆ ಗಣಿತ ಹೇಳಿಕೊಡುವರು. ಆದರೂ ಒಂದು ಕೋಣೆಯಲ್ಲಿ ಒಂಬತ್ತು ಜನ. ಹೋದ ವರ್ಷ ಮುಕ್ತಾ ಇತಿಹಾಸವನ್ನು ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡಿ, ಹತ್ತುವವರಿಗೆ ಇಳಿಯುವವರಿಗೆ ದಾರಿ ಬಿಡುತ್ತ ಶಿವಾಜಿಯ ಅರ್ಧ ಕೋಟೆಗಳನ್ನು ಕಳೆದುಕೊಂಡಳು. ಭಿಶಿಯ ಹಣ ಅವರಿಗೆ ಊರು ತೋರಿಸಲು ರಾಣಿಬಾಗಿಗೂ ಗೇಟ್‌ವೇಗೂ ಘಾರಾಪುರಿಯ ದೋಣಿಗೂ ಹೋಯಿತು. ಮತ್ತು ಕಾಶವ್ವ ಡೊಂಬಿವಲಿಯಲ್ಲಿ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಈ ಸಲ ಮಾರ್ಚ್ ತಿಂಗಳ ನಡುವೆ, ಗೋಕಾಕದ ಕಾಗದ ಬರುವ ಮೊದಲೇ, ವಿಮಲಾ ತಾನೇ ಒಂದು ಇನ್‌ಲ್ಯಾಂಡ್ ಬರೆದಳು. ಗಂಡನಿಗೆ ಹೇಳಲಿಲ್ಲ, ಅಕ್ಕ ಅವನವಳು. ಮುಕ್ತಾಳ ಪರೀಕ್ಷೆ ಈ ವರ್ಷ ಬೇಗ ಮುಗಿಯುತ್ತದಂತೆ, ಏಪ್ರಿಲ್ ಹನ್ನೊಂದಕ್ಕೆ ನಾವೆಲ್ಲ ಮೈಸೂರಿಗೆ ಹೊರಟಿದ್ದೇವೆ, ತಿಂಗಳ ಕೊನೆಯ ತನಕ ಮನೆಗೆ ಬೀಗ, ಈ ಸಲ ನಿಮ್ಮ ಸೇವೆ ಮಾಡುವ ಭಾಗ್ಯವಿಲ್ಲ ಎಂದು ಬರೆದಳು. ಮೈಸೂರು ಯಾಕೆಂದರೆ ಅಲ್ಲಿ ಇವರಿಗೆ ಯಾರೂ ಇರಲಿಲ್ಲ, ಗೋಕಾಕದವರಿಗೂ ಯಾರೂ ಇರಲಿಲ್ಲ. 'ಭಾಗ್ಯ' ಎಂಬ ಪದವನ್ನು ಎರಡು ಸಲ ಹೊಡೆದು ಹಾಕಿ ಮೂರನೆಯ ಸಲ ಉಳಿಸಿಕೊಂಡಳು. ಅಂಚೆಪೆಟ್ಟಿಗೆಗೆ ಹಾಕಿ, ಕಾಗದ ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದಳು.

ಏಪ್ರಿಲ್ ನಾಲ್ಕಕ್ಕೆ ಉತ್ತರ ಬಂತು. ಮಾಸ್ತರರ ದುಂಡಗಿನ ಅಕ್ಷರ. ನೀವು ದೇಶ ನೋಡಲು ಹೊರಟದ್ದು ಕೇಳಿ ಬಹಳ ಸಂತೋಷವಾಯಿತು. ಆದರೆ ಮುಂಬಯಿ ಕಡೆ ಹದಿನೆಂಟು ಇಪ್ಪತ್ತು ದಿನ ಬೀಗ ಹಾಕಿದ ಮನೆ ಎಂದರೆ ಕಳ್ಳರಿಗೆ ಆಮಂತ್ರಣ. ಆದ್ದರಿಂದ ನಾವು ಹನ್ನೆರಡಕ್ಕೆ ಬಂದು ನಿಮ್ಮ ಮನೆ ಕಾಯುತ್ತೇವೆ. ಕೀಲಿಯನ್ನು ಎದುರು ಮನೆಯ ಉಡುಪಿಯವರ ಕೈಯಲ್ಲಿ ಕೊಟ್ಟಿರಿ. ನಮ್ಮ ಊಟದ ವ್ಯವಸ್ಥೆ ನಾವೇ ಮಾಡಿಕೊಳ್ಳುತ್ತೇವೆ, ನಿಮಗೆ ಏನೂ ತೊಂದರೆ ಇಲ್ಲ. ನೀವು ಮೂವತ್ತಕ್ಕೆ ಬಂದ ಮರುದಿನವೇ ನಾವು ಹೊರಡುತ್ತೇವೆ. ಎರಡು ದಿನದ ಮೇಲೆ ಕಲ್ಯಾಣಕ್ಕೆ ಬೆಲ್ಲ ತಂದ ಲಾರಿಯವನೊಬ್ಬ ಬಟ್ಟೆಯ ಗಂಟೊಂದನ್ನು ತಂದುಕೊಟ್ಟ. ಒಳಗೆ ನಲವತ್ತು ಖಡಕ್ ರೊಟ್ಟಿ, ಮೈಸೂರಿನ ದಾರಿಗೆ.

ರೊಟ್ಟಿ ನೋಡಿ ಸೋಮಣ್ಣ ಕೇಳಿದ. ವಿಮಲಾ ಹೇಳಲೇಬೇಕಾಯಿತು. ಅವನು ಕೂಗಾಡಲಿಲ್ಲ. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಪೂರ್ತಿ ನುರಿಸಿ ನುಂಗಿದ. ಆಮೇಲೆ, ಪ್ರವಾಸ ರದ್ದಾಯಿತೆಂದು ತಂತಿ ಕೊಟ್ಟುಬಿಡೋಣ ಎಂದ.

"ರದ್ದಾತಂದ್ರ ಅವರು ಬರೂದ ರದ್ದಾಗತೈತೇನ್ರಿ? ಮತ್ತ ಮೇ ನಡುತನಾ ಇಲ್ಲೇ. ನಿಮ್ಮ ಸೂಟಿ ಮತ್ತ ಮೂರು ವರ್ಷಕ್ಕ."

"ಹಂಗಾದ್ರ ಏನ ಮಾಡಾವ್ರು?"

"ಮೈಸೂರಿಗೆ ಹೋಗೂದು," ಎಂದಳು ವಿಮಲಾ. ಹೇಳಿದ ಮೇಲೆ ತನಗೇ ಗಾಬರಿಯಾಯಿತು. ಪರೀಕ್ಷೆ ಹದಿನೈದಕ್ಕೆ ಶುರು, ಸೋಮಣ್ಣನಿಗೆ ಮೇ ತನಕ ಒಂದು ದಿನವೂ ರಜೆಯಿಲ್ಲ.

ದಾರಿ ತೋರಿಸಿದವನು ಸೋಮಣ್ಣನ ಜೊತೆ ಕೆಲಸ ಮಾಡುವ ಅಪ್ಪಾಸಾಹೇಬ. ಅವನಿಗೆ ಠಾಣೆ ಪಟ್ಟಣದಾಚೆ ಐರೋಲಿಯಲ್ಲಿ, ಸರಕಾರದ ಸಿಡ್ಕೋ ಕಟ್ಟಿಸಿದ ಹೊಸ ಮನೆಯೊಂದು ಸಿಕ್ಕಿತ್ತು. ಕೈಗೆ ಕೀಲಿ ಬಂದಿತ್ತು, ಕರೆಂಟಿನ ಮೀಟರು ಬಂದಿರಲಿಲ್ಲ. ಬೇಕಾದಷ್ಟು ದಿನ ಇರಿ, ಗಾಳಿಯಾದರೂ ಆಡುತ್ತದೆ ಎಂದ. ಹೀಗೆ ಏಪ್ರಿಲ್ ಹನ್ನೊಂದರ ಬೆಳಗ್ಗೆ, ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೋವು, ಹಾಸಿಗೆಯ ಸುರುಳಿ, ಉಳಿದ ಮೂವತ್ತಾರು ರೊಟ್ಟಿಯೊಂದಿಗೆ ಸಂಸಾರ ಮೈಸೂರಿಗೆ ಹೊರಟಿತು. ಎದುರು ಮನೆಯ ಸತ್ಯಭಾಮಾಳ ಗಂಡನಿಗೆ ಸ್ಟೇಷನ್ ಹತ್ತಿರ ಹೋಟೆಲು; ಸುಳ್ಳು ಹೇಳಿದರೂ ಅರ್ಧ ಗಂಟೆಯಲ್ಲಿ ನಿಜ ಅವಳ ಮನೆಗೆ ಬರುತ್ತಿತ್ತು. ಆದ್ದರಿಂದ ವಿಮಲಾ ಅವಳಿಗೆ ಮೊದಲೇ ಎಲ್ಲ ಹೇಳಿಬಿಟ್ಟಿದ್ದಳು. ಕೀಲಿ ತೆಗೆದುಕೊಂಡು ಸತ್ಯಭಾಮಾ, "ಮೈಸೂರಿಗೆ ಹೋಗ್ಲಿಕ್ಕೆ ಠಾಣೆಯಲ್ಲಿ ಇಳಿಯುದಾ ಮಾರಾಯ್ತಿ? ನಮಗೆ ಗೊತ್ತೇ ಇರ್ಲಿಲ್ಲ," ಎಂದಳು.

ಐರೋಲಿಯಲ್ಲಿ ಆಗ ಕಟ್ಟಡಗಳಿದ್ದವು, ಜನ ಇನ್ನೂ ಬರಬೇಕಾಗಿತ್ತು. ಹೊಸ ಸುಣ್ಣದ ವಾಸನೆ, ಕಿಟಕಿಯಿಂದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ವಾಸನೆ. ನೀರು ಕೆಳಗಿನ ನಳದಿಂದ ಎರಡು ಮಾಳಿಗೆ ಹೊತ್ತು ತರಬೇಕು. ಗಾಳಿ ಆಡುವುದೇನೋ ನಿಜ. ಅದರ ಮೇಲೆ ಸವಾರಿ ಮಾಡಿಕೊಂಡು ಸೊಳ್ಳೆಗಳೂ ಬರುತ್ತಿದ್ದವು. ಎರಡನೆಯ ದಿನ ಬಸುವಿನ ಮುಖ ಕಡಲೆ ಹುಗ್ಗಿಯಂತಾಯಿತು. ಇದು ಮಲೇರಿಯಾ ಅಲ್ಲದೆ ಬೇರೆ ಏನೂ ಆಗಿರಲು ಸಾಧ್ಯವಿಲ್ಲ ಎಂದು ವಿಮಲಾ ಅವನನ್ನು ಠಾಣೆಯ ಡಾಕ್ಟರ ಬಳಿ ಹೊತ್ತೊಯ್ದಳು. ರಕ್ತ ತೆಗೆಸಿ ನೋಡಿದ ಡಾಕ್ಟರು, ಸೊಳ್ಳೆ ಕಚ್ಚಿದೆ ಎಂದರು. ಅದಕ್ಕೆ ಫೀಸು. ಆಮೇಲೆ ನಾಲ್ಕು ಸೊಳ್ಳೆಪರದೆ. ಸ್ಟೋವು ಸಿಟ್ಟಾದ ದಿನ ಹೋಟೆಲಿನ ಊಟ. ದಿನಾ ಎಸ್ಟಿ ಬಸ್ಸಿನಲ್ಲಿ ಠಾಣೆ, ಠಾಣೆಯಿಂದ ಲೋಕಲ್ಲಿನಲ್ಲಿ ಡೊಂಬಿವಲಿ. ಗಂಡನಿಗೆ ಕಾರ್ಖಾನೆ, ಮಗಳಿಗೆ ಪರೀಕ್ಷೆ. ಐದು ಜನ ಅತಿಥಿಗಳನ್ನು ತಿಂಗಳು ಸಾಕಿದರೂ ಭಿಶಿಯ ಹಣ ಇಷ್ಟು ಬೇಗ ಕರಗಿರಲಿಲ್ಲ. ಅತಿಥಿಗಳಿಂದ ಓಡಿಹೋಗುವುದು ಇಷ್ಟು ದುಬಾರಿ ಎಂದು ಬಿ.ಎ.ಯಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಡೊಂಬಿವಲಿಯಲ್ಲಿ ಇಳಿದೊಡನೆ ಅವಳು ಸೆರಗನ್ನು ಹುಬ್ಬಿನ ತನಕ ಎಳೆದುಕೊಳ್ಳುವಳು. ತನ್ನದೇ ಊರಿನ ಗಲ್ಲಿಗಳಲ್ಲಿ ಗೋಡೆ ಹಿಡಿದು ನಡೆಯುವಳು. ಅತ್ತೆ ಎಲ್ಲಾದರೂ ಕಂಡರೆ ಮಾತಾಡದೆ ಓಡಿಬಿಡು ಎಂದು ಮುಕ್ತಾಳಿಗೆ ಹೇಳಿಕೊಟ್ಟಿದ್ದಳು. ಮನೆಯ ಹೊರಗಿನ ಮಾತೆಲ್ಲ ಮರಾಠಿಯಲ್ಲೇ ಆಡುವ ಆ ಹುಡುಗಿ, ಹಾಗಾದರೆ ನಾವು ಕಳ್ಳರಾ ಎಂದು ತುಂಬಿದ ಲೋಕಲ್ಲಿನ ಡಬ್ಬಿಯಲ್ಲಿ ಮರಾಠಿಯಲ್ಲಿ ಕೇಳಿದಳು. ಹೆಂಗಸರ ಡಬ್ಬಿ ಇಡಿಯಾಗಿ ತಿರುಗಿ ನೋಡಿತು.

ಮೂರನೆಯ ಪತ್ರಿಕೆ ಗಣಿತ. ಬಸುವನ್ನು ಸೊಂಟಕ್ಕೆ ಹಾಕಿಕೊಂಡು, ಮುಕ್ತಾಳ ಕೈ ಹಿಡಿದು ಶಾಲೆಯ ತಿರುವಿಗೆ ಬಂದ ವಿಮಲಾ ನಿಂತುಬಿಟ್ಟಳು. ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ, ಬಿಳಿ ಪಂಚೆ, ಕರಿ ಕೋಟು, ಕಂಕುಳಲ್ಲಿ ಛತ್ರಿ ಹಿಡಿದು ಸಿದ್ದಲಿಂಗಪ್ಪ ನಿಂತಿದ್ದರು. ತಮ್ಮದೇ ಶಾಲೆಯ ಮುಂದೆ ತಡವಾಗಿ ಬರುವ ಮಕ್ಕಳಿಗಾಗಿ ಕಾಯುವಂತೆ ನಿಂತಿದ್ದರು. ಓಡಲು ಜಾಗವಿರಲಿಲ್ಲ. ಮುಕ್ತಾ ತಾಯಿಯ ಕೈ ಕೊಸರಿಕೊಂಡು, ಮಾಮಾ ಎಂದು ಅವರ ಕಡೆಗೇ ಓಡಿದಳು.

ಮಾಸ್ತರರು ಅವಳ ತಲೆ ಸವರಿ, ಹದಿಮೂರರ ಮಗ್ಗಿ ಕೇಳಿದರು. ಹೇಳಿದಳು. ಹದಿನೇಳರದ್ದು ಕೇಳಿದರು. ಅದರಲ್ಲಿ ಆರಕ್ಕೆ ಬಂದು ತಡವರಿಸಿದಳು, ತಿದ್ದಿದರು. ಲೆಕ್ಕ ಮುಗಿದ ಮೇಲೆ ಇನ್ನೊಮ್ಮೆ ಉಲ್ಟಾ ಮಾಡಿ ನೋಡಬೇಕೆಂದು ಹೇಳಿ ಒಳಗೆ ಕಳಿಸಿದರು. ಗಂಟೆ ಬಾರಿಸಿತು. ಗೇಟು ಮುಚ್ಚಿತು. ಆಮೇಲೆ ವಿಮಲಾಳ ಕಡೆ ತಿರುಗಿದರು.

"ಮೈಸೂರಾಗ ಬಿಸಲ ಹ್ಯಾಂಗೈತಿ ತಂಗಿ?"

ವಿಮಲಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಬಸು ತನ್ನ ಮುಖದ ಗುಳ್ಳೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸತೊಡಗಿದ.

"ಪರೀಕ್ಷಾದ ವೇಳಾಪತ್ರಿಕೆ ಅಡಗಿ ಮನಿ ಕಪಾಟಿನ ಬಾಗಲಕ್ಕ ಅಂಟಿಸಿ ಹೋಗೀರಿ. ನಾ ಮೂವತ್ತು ವರ್ಷ ವೇಳಾಪತ್ರಿಕೆ ಬರದಾವ. ಬಂದ ದಿನಾನ ಓದಿದ್ನಿ," ಎಂದರು ಮಾಸ್ತರರು. ಕಾಶವ್ವನಿಗೆ ಮರಾಠಿ ಓದಲು ಬರುವುದಿಲ್ಲ, ಇವರೂ ಹೇಳಿರಲಿಲ್ಲ. ಭಾಷೆ, ಪರಿಸರದ ಎರಡೂ ದಿನ ಮನಸ್ಸು ತಡೆದುಕೊಂಡರಂತೆ. ಗಣಿತದ ದಿನ ತಡೆಯಲಿಲ್ಲವಂತೆ.

ಇಬ್ಬರೂ ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತರು. ಎರಡು ತಾಸು ಕಾಯಬೇಕಾಗಿತ್ತು. ವಿಮಲಾ ಕ್ಷಮೆ ಕೇಳಲು ಹೊರಟು, ಮಾಥೇರಾನಿನ ಸುದ್ದಿ, ಶುಕ್ರವಾರ ರವಿವಾರದ ಸುದ್ದಿ, ಮೂರು ವರ್ಷದ ಪಾಳಿಯ ಸುದ್ದಿ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಮಾಸ್ತರರು ಬಸುವಿಗೆ ಛತ್ರಿಯ ಗುಂಡಿ ಒತ್ತಲು ಕೊಟ್ಟು ಕೇಳುತ್ತ ಕೂತರು. ಪ್ರತಿ ಸಲ ಛತ್ರಿ ಬಿಚ್ಚಿಕೊಂಡಾಗ ವಿಮಲಾಳ ಮಾತು ತುಂಡಾಗುತ್ತಿತ್ತು.

"ನಿಮಗ ನಾಕ ದಿನಾ ಒಲಿ ಬಿಟ್ಟು ಕೂಡ್ರಬೇಕನ್ನೂದೈತಿ. ಖರೆ ಐತಿ," ಎಂದರು ಕೊನೆಗೆ. "ಕಾಶವ್ವಗೂ ಹಂಗ ಐತಿ. ಹದಿನಾಕು ವರ್ಷದಾಕಿ ಇದ್ದಾಗಿಂದ ಒಲಿ ಮುಂದ ಕುಂತಾಕಿ. ಮಾಸ್ತರನ ಪಗಾರದಾಗ ಹೋಟೆಲಿನಾಗ ಇಳಕೊಂಡು ಊರು ನೋಡೂದು ನನ್ನ ಕಡೆ ಆಗೂದಿಲ್ಲ. ನಮಗ ಸೂಟಿ ಅಂದ್ರ ತಮ್ಮನ ಮನಿ. ಆಕಿ ಅಲ್ಲೆ ಪಾತ್ರಿ ಮುಟ್ಟೂದಿಲ್ಲ ಅಂತ ನಿಮಗ ಸಿಟ್ಟು ಇರಬೇಕು."

ಇಲ್ಲ ಎನ್ನಲು ವಿಮಲಾ ಬಾಯಿ ತೆರೆದಳು. ಇತ್ತೀಚೆಗೆ ಹೇಳಿದ ಸುಳ್ಳುಗಳೇ ಸಾಕಷ್ಟಾಗಿದ್ದವು. "ಐತ್ರಿ ಅಣ್ಣಾರ," ಎಂದಳು.

ಮಾಸ್ತರರು ನಕ್ಕರು. ತಾನು ಇಲ್ಲಿಗೆ ಬಂದದ್ದೇ ಇಲ್ಲ, ನೀವು ಮೂವತ್ತಕ್ಕೆ ಮೈಸೂರಿನಿಂದ ಬರ್ರಿ, ಒಂದು ಡಬ್ಬಿ ಮೈಸೂರ್ ಪಾಕು ಕೊಂಡು ತಂದರೆ ಸಾಕು ಎಂದರು. ಮುಕ್ತಾ ಹೊರಗೆ ಬಂದಾಗ ಅವಳ ಉತ್ತರಗಳನ್ನೆಲ್ಲ ರಸ್ತೆಯಲ್ಲೇ ತಾಳೆ ನೋಡಿ, ಒಂದು ಲೆಕ್ಕ ತಪ್ಪಿದೆ ಎಂದು ಹೇಳಿ, ಛತ್ರಿ ಕಂಕುಳಿಗೆ ಸೇರಿಸಿ ಹೊರಟುಹೋದರು.

ವಿಮಲಾ ಸ್ಟೇಷನ್ನಿನ ಕಡೆ ಹತ್ತು ಹೆಜ್ಜೆ ನಡೆದಳು. ಬಿಸಿಲು ನೆತ್ತಿಗೇರಿತ್ತು. ಠಾಣೆ ಸ್ಟೇಷನ್ನಿನ ಹತ್ತಿಳಿಯುವ ಪುಲು, ಬಸ್ಸಿನ ಸಾಲು, ಎರಡು ಮಾಳಿಗೆ ನೀರು, ಇನ್ನೂ ಹನ್ನೆರಡು ದಿನ. ಅದಕ್ಕಿಂತ ಹೆಚ್ಚಾಗಿ, ಹೆಡ್‌ಮಾಸ್ತರರೊಬ್ಬರು ತನ್ನ ಸಲುವಾಗಿ ಹೆಂಡತಿಯ ಮುಂದೆ ಸುಳ್ಳು ಹೇಳಬೇಕಾದೀತು ಎಂಬುದು ಅವಳಿಗೆ ಹೊಸ ಗಾಬರಿಯಾಗಿ ಕೂತಿತು. ಹಿಂದಿರುಗಿ, ಸೆರಗು ತಲೆಯಿಂದ ಇಳಿಸಿ, ತನ್ನ ಮನೆಯ ಮೆಟ್ಟಿಲು ಹತ್ತಿದಳು. ಜೀವನದಲ್ಲಿ ಮೊದಲ ಸಲ ತನ್ನ ಬಾಗಿಲನ್ನು ತಾನೇ ಬಡಿದಳು.

ತೆರೆದವಳು ಕಾಶವ್ವ. ಕೈಗೆಲ್ಲ ಜೋಳದ ಹಿಟ್ಟು. ಮಾಸ್ತರರು ಇನ್ನೂ ಬಂದಿರಲಿಲ್ಲ; ದಾರಿಯಲ್ಲಿ ಎಲ್ಲೋ ಚಹಾಕ್ಕೆ ನಿಂತಿರಬೇಕು. ಕಾಶವ್ವ ವಿಮಲಾಳನ್ನು, ಸಮವಸ್ತ್ರದ ಮುಕ್ತಾಳನ್ನು, ಗುಳ್ಳೆಯ ಬಸುವನ್ನು ನೋಡಿದಳು. ಒಳಗೆ ಬಾ ಎನ್ನಲಿಲ್ಲ. ವಿಮಲಾ ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದಳು. ಎದುರು ಮನೆಯ ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಂಡದ್ದು ಅವಳ ಬೆನ್ನಿಗೆ ಗೊತ್ತಾಯಿತು.

ಕಾಶವ್ವ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. ಎಲ್ಲ ಉದುರಿದ ಮೇಲೂ ಉಜ್ಜುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ಮೈಸೂರಿಗೆ ಹೊಂಟೀರಿ ಅಂತ ಓಣಿ ಮಂದಿಗೆಲ್ಲಾ ಹೇಳೀನಿ. ನನ್ನ ತಮ್ಮ ಹೆಂಡತಿ ಮಕ್ಕಳನ್ನ ಕರಕೊಂಡು ಅರಮನಿ ತೋರಸಾಕ ಹೊಂಟಾನ ಅಂತ. ಬರಬ್ಯಾಡ್ರಿ ಅಂತ ಒಂದ ಮಾತು ಬರದಿದ್ರ ನಾವು ಬರತಿದ್ದಿಲ್ಲ ವಿಮಲಾ."

ಸೆರಗಿನಿಂದ ಕಣ್ಣೊರೆಸಿಕೊಂಡು, "ಬರತಿದ್ವಿ, ಖರೆ. ಆದ್ರ ನಾಕ ದಿನಾ ಇದ್ದು ಹೋಗತಿದ್ವಿ," ಎಂದಳು. ಬಸುವನ್ನು ಎತ್ತಿಕೊಂಡು, ಈ ಕೂಸಿನ ಮುಖಕ್ಕೆ ಏನು ಮಾಡಿಟ್ಟಿರಿ ಎಂದು ಒಳಗೆ ಹೋದಳು. ವಿಮಲಾ ಹಿಂದೆ ಹೋದಳು. ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ತನ್ನದೇ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತು, ಬೇರೆಯವರು ಬಡಿದು ಹಾಕಿದ ರೊಟ್ಟಿ ತಿನ್ನುವುದು ಎಷ್ಟು ಸುಖ ಎಂದು ಅವಳಿಗೆ ಅನಿಸಿತು. ಕಾಶವ್ವ ಆರು ವರ್ಷ ಯಾಕೆ ಏಳದೆ ಕೂತಿದ್ದಳೆಂಬುದೂ ಎರಡನೆಯ ರೊಟ್ಟಿಯ ಹೊತ್ತಿಗೆ ತಿಳಿಯಿತು.

ಸಂಜೆ ಸೋಮಣ್ಣ ಐರೋಲಿಯಿಂದ ಟ್ರಂಕು ಹೊತ್ತು ತಂದ. ಮತ್ತೆ ಒಂಬತ್ತು ಜನ, ಒಂದು ಕೋಣೆ. ಮಾಸ್ತರರು ತಮ್ಮ ಮೂರೂ ಮಕ್ಕಳನ್ನು ದಿನಾ ಹತ್ತು ಗಂಟೆಗೆ ಹೊರಗೆ ನಡೆಸಿಕೊಂಡು ಹೋಗಿ ಮುಕ್ತಾಳಿಗೆ ಮನೆ ಖಾಲಿ ಮಾಡಿಕೊಟ್ಟರು. ಮೇ ಬರುವ ಹೊತ್ತಿಗೆ ಭಿಶಿಯ ಹಣದಲ್ಲಿ ಉಳಿದದ್ದು ಮಾಥೇರಾನಿನ ಪುಟ್ಟ ರೈಲಿಗೆ ಸಾಲುತ್ತಿತ್ತು, ಅಲ್ಲಿ ಮಲಗಲು ಸಾಲುತ್ತಿರಲಿಲ್ಲ. ವಿಮಲಾ ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಕಾಶವ್ವ ಒಂದು ಮಧ್ಯಾಹ್ನ ಕುಬಸದಿಂದ ಉದ್ದನೆಯ ಕಬ್ಬಿಣದ ಕೀಲಿಯೊಂದನ್ನು ತೆಗೆದು ಅವಳ ಮುಂದೆ ಇಟ್ಟಳು. ನಮ್ಮ ಮನೆ ಗೋಕಾಕದಲ್ಲಿ ಬೀಗ ಹಾಕಿ ಬಿದ್ದಿದೆ, ನೀವು ನಾಲ್ಕು ಮಂದಿ ಹೋಗಿ ಇರ್ರಿ, ಹತ್ತಿರದಲ್ಲೇ ಫಾಲ್ಸ್ ಇದೆ, ನಾವು ಅಷ್ಟು ದಿನ ಇಲ್ಲಿರುತ್ತೇವೆ ಎಂದಳು. ಬಾಡಿಗೆಯಿಲ್ಲ, ಒಲೆಯಿದೆ, ಯಾರೂ ಇಲ್ಲ. ಮಾಸ್ತರರು ಮೀರಜಿನಲ್ಲಿ ಗಾಡಿ ಬದಲಿಸುವ, ರಿಜರ್ವೇಶನ್ ಬೇಕಿಲ್ಲದ ಪ್ಯಾಸೆಂಜರುಗಳ ಸಮಯವನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರು.

ಗೋಕಾಕದ ಮನೆ ಚಿಕ್ಕದು, ತಂಪಾಗಿತ್ತು. ವಿಮಲಾ ಮೊದಲ ದಿನ ಬಾವಿಗೆ ಕಟ್ಟೆ ಎಷ್ಟು ಎತ್ತರವಿದೆ ಎಂದು ಅಳೆದಳು, ಚೇಳಿಗಾಗಿ ಹಾಸಿಗೆ ಝಾಡಿಸಿದಳು. ಎರಡನೆಯ ದಿನ ಝಾಡಿಸುವುದನ್ನು ಮರೆತಳು. ನಾಲ್ಕೂ ಜನ ಹಗಲು ಹೊತ್ತಿನಲ್ಲಿ ಒಟ್ಟಿಗೆ ಕೂತು ಉಂಡರು. ಸೋಮಣ್ಣ ಮಗಳಿಗೆ ಚೌಕಾಬಾರಾ ಕಲಿಸಿದ. ನಾಲ್ಕನೆಯ ದಿನ ಫಾಲ್ಸಿಗೆ ಹೋಗುವುದೆಂದು ನಿಶ್ಚಯವಾಯಿತು.

ಮೂರನೆಯ ದಿನ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಗಂಡ, ಹೆಂಡತಿ, ಮೂವರು ಮಕ್ಕಳು, ಹಾಸಿಗೆಯ ಗಂಟು. ಗಂಡಸು, ತಾನು ಅಥಣಿಯ ಮಾನಪ್ಪ, ಸಿದ್ದಲಿಂಗಪ್ಪನ ಕಾಕಾನ ಮಗ ಎಂದು ಪರಿಚಯ ಹೇಳಿಕೊಂಡ. "ಸೂಟಿಗೆ ಬರತೀವಿ ಅಂತ ಕಾಗದಾ ಹಾಕಿದ್ವಿ. ಬರಬ್ಯಾಡ್ರಿ ಅಂತ ಉತ್ತರ ಬರಲಿಲ್ಲ. ಅದಕ್ಕ ಬಂದ್ವಿ," ಎಂದ.

ಆ ಕಾಗದ ಎಲ್ಲಿದೆ ಎಂಬುದು ವಿಮಲಾಳಿಗೆ ಗೊತ್ತಿತ್ತು. ಬಂದ ದಿನ ಬಾಗಿಲ ಕೆಳಗೆ ಬಿದ್ದಿದ್ದನ್ನು, ಬೇರೆಯವರ ಪತ್ರ ಒಡೆಯಬಾರದೆಂದು ಗೋಡೆಯ ಮಾಡದಲ್ಲಿ ಇಟ್ಟವಳು ಅವಳೇ. ಅವಳ ತಲೆಯಲ್ಲಿ ಒಂದರ ಹಿಂದೆ ಒಂದು ನೆಪಗಳು ಎದ್ದು ನಿಂತವು: ಮಗುವಿಗೆ ದಡಾರ; ನಾವೇ ಈಗ ಹೊರಟಿದ್ದೇವೆ; ಈ ಮನೆ ಕಾಶವ್ವನದೇ ಅಲ್ಲ. ಹೊಸ್ತಿಲ ಹೊರಗೆ ಮಾನಪ್ಪನ ಹೆಂಡತಿ ಬಿಸಿಲಲ್ಲಿ ಬಾಡಿದ ಮುಖ ಒರೆಸಿಕೊಳ್ಳುತ್ತ, ಒಳಗಿನ ಒಲೆಯ ಕಡೆಗಲ್ಲ, ಗೋಡೆಗೊರಗಿಸಿದ ಚಾಪೆಯ ಕಡೆಗೆ ನೋಡುತ್ತಿದ್ದಳು.

"ಒಳಗ ಬರ್ರಿ," ಎಂದಳು ವಿಮಲಾ. "ಇವತ್ತಿನ ಅಡಗಿ ನಾ ಮಾಡತೀನಿ. ನಾಳಿ ಮುಂಜಾನಿಂದ ಸಂಜಿತನಾ ನಾವು ನಾಕ ಮಂದಿ ಫಾಲ್ಸಿಗೆ ಹೋಗಾವ್ರು. ನಾವು ನಾಕ ಮಂದಿ ಅಷ್ಟ. ನಿಮ್ಮ ಊಟ ನೀವು ನೋಡ್ಕೊಬೇಕ್ರಿ."

ಹೇಳಿ ಕಣ್ಣು ಮುಚ್ಚಿಕೊಂಡಳು, ಏನೋ ಮೇಲಿಂದ ಬೀಳುವುದಿದೆ ಎಂಬಂತೆ. ಏನೂ ಬೀಳಲಿಲ್ಲ. ಹೋಗಿ ಬರ್ರಿ, ಅದಕ್ಕೇನಂತೆ ಎಂದು ಮಾನಪ್ಪನ ಹೆಂಡತಿ ಹಾಸಿಗೆಯ ಗಂಟನ್ನು ಒಳಗೆ ದೂಡಿದಳು. ಫಾಲ್ಸಿನಲ್ಲಿ ಈಗ ನೀರಿಲ್ಲ ಎಂದು ಮಾನಪ್ಪ ತಿಳಿಸಿದ. ನೀರು ಬರುವುದು ಜುಲೈನಲ್ಲಿ.

ಮರುದಿನ ಅವರು ಹೋದರು. ನೀರು ಬೀಳಬೇಕಾದ ಜಾಗದಲ್ಲಿ ಬೀದಿಯುದ್ದದ ಕರಿ ಬಂಡೆ ಒಣಗಿ ನಿಂತಿತ್ತು. ಪಾಣೀ ಕುಠೇ ಆಹೇ, ನೀರೆಲ್ಲಿ, ಎಂದು ಮುಕ್ತಾ ಕೇಳಿದಳು. ನೀರು ಬರುವಾಗ ನಿನ್ನ ಸಾಲಿ ಇರುತ್ತದೆ ಎಂದು ಸೋಮಣ್ಣ ಹೇಳಿದ. ತೂಗುಸೇತುವೆಯ ಮೇಲೆ ವಿಮಲಾ ಎರಡೂ ಮಕ್ಕಳ ರಟ್ಟೆಯನ್ನು ಅವರು ಚೀರುವಷ್ಟು ಬಿಗಿಯಾಗಿ ಹಿಡಿದು ದಾಟಿದಳು. ಆಚೆ ಒಂದು ಬೇವಿನ ಮರವಿತ್ತು. ನಾಲ್ಕೇ ಜನ ಕೂತರು. ಸೋಮಣ್ಣ ಟವೆಲು ಮುಖದ ಮೇಲೆ ಹಾಕಿಕೊಂಡು ಮಲಗಿದ. ಮಕ್ಕಳು ಬಂಡೆಯ ಹೊಂಡದಲ್ಲಿ ಉಳಿದ ಬೊಗಸೆ ನೀರಿಗೆ ಕಲ್ಲು ಹಾಕುತ್ತಿದ್ದರು. ಯಾರೂ ಚಹಾ ಕೇಳಲಿಲ್ಲ. ಆರು ವರ್ಷ ಬಯಸಿದ್ದು ಇದನ್ನೇ.

ಸುಮಾರು ಕಾಲು ಗಂಟೆ ಅವಳು ಸುಖವಾಗಿದ್ದಳು. ಆಮೇಲೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಮಾನಪ್ಪನ ಹೆಂಡತಿಗೆ ಹೇಳಿ ಬರಲಿಲ್ಲವಲ್ಲ ಎಂಬುದು ನೆನಪಾಯಿತು. ಅಡುಗೆಮನೆ ತನ್ನದಲ್ಲ, ಉಪ್ಪು ತನ್ನದಲ್ಲ, ಅತಿಥಿಗಳೂ ತನ್ನವರಲ್ಲ. ಆದರೂ ಎದ್ದು ಚಪ್ಪಲಿ ಮೆಟ್ಟಿದಳು. ಸೋಮಣ್ಣ ಟವೆಲಿನ ಒಳಗಿನಿಂದಲೇ ಏನಾಯಿತು ಎಂದು ಕೇಳಿದ.

"ಏನಿಲ್ರಿ," ಎಂದು ವಿಮಲಾ ಚಪ್ಪಲಿ ಬಿಟ್ಟು ಮತ್ತೆ ಕೂತಳು. ಸಂಜೆಯ ತನಕ ಹಾಗೆಯೇ, ಉಪ್ಪಿನ ಚಿಂತೆ ಮಾಡುತ್ತ, ಏಳದೆ ಕೂತಿದ್ದಳು.